ಕೃಷಿ ಹೊಂಡದ ಮೀನು ಸಾಯುತ್ತಿದೆಯಾ? ಔಷಧಿ ತರುವ ಮುಂಚೆ ನೋಡಬೇಕಾದ್ದು

"ಮೀನು ಸಾಯ್ತಾ ಇದಾವೆ ಅಣ್ಣ, ಯಾವ ಔಷಧಿ ಹಾಕ್ಲಿ?" ಬಯಲುಸೀಮೆಯಲ್ಲಿ ಹೊಂಡ ಇಟ್ಟುಕೊಂಡವರ ಫೋನ್ ಶುರುವಾಗುವುದೇ ಹೀಗೆ. ನಾನು ತಿರುಗಿ ಕೇಳುವುದು ಎರಡೇ. ಎಷ್ಟು ಹೊತ್ತಿಗೆ ನೋಡಿದ್ರಿ? ನೀರು ಯಾವ ಬಣ್ಣಕ್ಕಿದೆ? ಇವೆರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಎಷ್ಟೋ ಸಲ ಔಷಧಿಯ ಮಾತೇ ಬರುವುದಿಲ್ಲ. ಒಂದೇ ರಾತ್ರಿಯಲ್ಲಿ ಮೀನು ಗುಂಪಾಗಿ ಸತ್ತಿದ್ದರೆ ಅದು ಬಹುತೇಕ ನೀರಿನ ತೊಂದರೆ. ರೋಗ ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ದಿನಕ್ಕೆ ಎರಡು, ನಾಲ್ಕು ಅಂತ ಶುರುವಾಗಿ ಏರುತ್ತಾ ಹೋಗುತ್ತದೆ.

ಇನ್ನೊಂದು ಮಾತು. 2014ರಲ್ಲಿ ಕೃಷಿಭಾಗ್ಯ (ಹೊಂಡಕ್ಕೆ ಸಹಾಯಧನ ಕೊಡುವ ಸರ್ಕಾರದ ಯೋಜನೆ) ಬಂದ ಮೇಲೆ ನಮ್ಮಲ್ಲಿ ತೋಡಿದ ಹೊಂಡಗಳು ಬೆಳೆಗೆ ನೀರು ಕೊಡಲು ಇರುವಂಥವು. ಮೀನು ಆಮೇಲೆ ಬಂದ ನೆಂಟ. ಅಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆ, ಮೇಲಿಂದ ಮೋಟರ್ ಇಟ್ಟು ನೀರು ಎಳೆಯುತ್ತಿರುತ್ತೇವೆ, ಮಟ್ಟ ಇಳಿಯುತ್ತಲೇ ಇರುತ್ತದೆ. ಕೆರೆಯ ಮೀನಿಗೆ ಇಲ್ಲದ ಕಷ್ಟ ಹೊಂಡದ ಮೀನಿಗೆ ಬರುವುದು ಇದರಿಂದಲೇ.

ನೀರಿನ ಹತ್ತಿರ ಹೋಗುವ ಮುಂಚೆ

ಹೊದಿಕೆ ಹಾಕಿದ ಹೊಂಡದ ದಡ ಪಾಚಿ ಹಿಡಿದರೆ ಕಾಲು ನಿಲ್ಲುವುದಿಲ್ಲ. ಜಾರಿದರೆ ಈಜು ಬಂದವರಿಗೂ ಮೇಲೆ ಹತ್ತುವುದು ಕಷ್ಟ, ಹಿಡಿಯಲು ಏನೂ ಸಿಗುವುದಿಲ್ಲ. ಆದ್ದರಿಂದ ಗಂಟು ಹಾಕಿದ ದಪ್ಪ ಹಗ್ಗವೊಂದು ದಡದ ಗೂಟದಿಂದ ನೀರಿನವರೆಗೆ ಯಾವಾಗಲೂ ಇಳಿಬಿದ್ದಿರಲಿ. ಸತ್ತ ಮೀನು ತೆಗೆಯಲು ಒಬ್ಬರೇ ಹೋಗಬೇಡಿ, ಮಕ್ಕಳನ್ನು ಕಳಿಸಲೇಬೇಡಿ. ಉದ್ದ ಕೋಲಿಗೆ ಬಲೆ ಕಟ್ಟಿದರೆ ದಡದಿಂದಲೇ ಕೆಲಸ ಮುಗಿಯುತ್ತದೆ. ನೀರಿನಲ್ಲಿ ಮೋಟರ್ ಇದ್ದರೆ ಮೊದಲು ಕರೆಂಟ್ ತೆಗೆಯಿರಿ. ಸ್ಟಾರ್ಟರ್ ಬಟನ್ ಒತ್ತಿ ನಿಲ್ಲಿಸಿದರೆ ಸಾಲದು, ಫ್ಯೂಸ್ ಕಿತ್ತೇ ಇಳಿಯಬೇಕು.

ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿವೆ

ಇದು ಎಲ್ಲಕ್ಕಿಂತ ಜಾಸ್ತಿ ಕಾಣುವ ಲಕ್ಷಣ. ಕಾಟ್ಲಾ, ಬೆಳ್ಳಿಗೆಂಡೆ ಮೊದಲು ಮೇಲೆ ಬರುತ್ತವೆ. ನೀರಿನ ಮಟ್ಟಕ್ಕೆ ಬಾಯಿ ಇಟ್ಟು ಗಾಳಿ ಗುಟುಕರಿಸುತ್ತವೆ, ನೀವು ಕಲ್ಲೆಸೆದರೂ ಒಂದು ಕ್ಷಣ ಮುಳುಗಿ ಮತ್ತೆ ಅಲ್ಲೇ ಏಳುತ್ತವೆ. ಬಿಸಿಲು ಏರಿದ ಹಾಗೆ ಒಂಬತ್ತು ಹತ್ತು ಗಂಟೆಗೆ ಏನೂ ಆಗಿಲ್ಲ ಅನ್ನುವ ಹಾಗೆ ಕೆಳಗೆ ಹೋಗುತ್ತವೆ. ಹೀಗೆ ಆಗುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ ಅಂತಲೇ ಅರ್ಥ.

ಯಾಕೆ ಬೆಳಗಿನ ಜಾವವೇ? ನೀರಿಗೆ ಹಸಿರು ಬಣ್ಣ ಕೊಡುವ ಸಣ್ಣ ಪಾಚಿ ಹಗಲು ಬಿಸಿಲಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಮೀನಿನ ಜೊತೆ ಸೇರಿ ಉಸಿರಾಡಿ ಖಾಲಿ ಮಾಡುತ್ತದೆ. ಹೊತ್ತು ಹುಟ್ಟುವ ಸ್ವಲ್ಪ ಮುಂಚೆ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಎರಡು ಮೂರು ದಿನ ಮೋಡ ಮುಚ್ಚಿದ್ದರೆ ಹಗಲಿನ ಗಳಿಕೆಯೂ ಇಲ್ಲ, ಆಗ ಮೂರನೇ ರಾತ್ರಿ ಅಪಾಯ. ಬೇಸಿಗೆಯಲ್ಲಿ ಇನ್ನೊಂದು ಪೆಟ್ಟು: 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಗೆಂಡೆ ಜಾತಿಯ ಮೀನಿಗೆ ಮೂರಕ್ಕಿಂತ ಕೆಳಗೆ ಇಳಿದರೆ ಸಂಕಟ ಶುರು.

ಈಗಿಂದೀಗ ಮಾಡಬೇಕಾದ್ದು: ಅವತ್ತು ಮೇವು, ಸಗಣಿ, ಗೊಬ್ಬರ ಏನೂ ಹಾಕಬೇಡಿ. ಮೋಟರ್ ಹಚ್ಚಿ ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಬೀಳಿಸಿ. ಫುಟ್‌ವಾಲ್ವ್ (ನೀರು ಎಳೆಯುವ ಪೈಪಿನ ತುದಿ) ತಳಕ್ಕೆ ಮುಟ್ಟದ ಹಾಗೆ ಮೇಲ್ಮಟ್ಟದಲ್ಲಿರಲಿ, ತಳದ ಕೆಸರು ನೀರು ಎತ್ತಿದರೆ ಇದ್ದದ್ದೂ ಹಾಳಾಗುತ್ತದೆ. ಪೈಪಿನ ಬಾಯಿಯನ್ನು ಆಳೆತ್ತರಕ್ಕೆ ಕಟ್ಟಿ, ಕೆಳಗೆ ತೂತು ಮಾಡಿದ ಬಕೆಟ್ಟೋ ಕಲ್ಲಿನ ಗುಡ್ಡೆಯೋ ಇಟ್ಟು ನೀರು ಚದುರಿ ಬೀಳುವ ಹಾಗೆ ಮಾಡಿ. ಸ್ಪ್ರಿಂಕ್ಲರ್ ಇದ್ದರೆ ಹೊಂಡದ ಕಡೆಗೇ ತಿರುಗಿಸಿ, ಇನ್ನೂ ಒಳ್ಳೆಯದು. ಐದೇ ನಿಮಿಷದಲ್ಲಿ ಮೀನು ಆ ನೀರು ಬೀಳುವ ಮೂಲೆಗೆ ಬಂದು ಗುಂಪುಗೂಡಿದರೆ ನಿಮ್ಮ ಅಂದಾಜು ಸರಿ ಅಂತ ಮೀನೇ ಹೇಳಿದ ಹಾಗೆ.

ಬೋರ್‌ವೆಲ್ ನೀರು ಬಿಡುವವರು ಇಲ್ಲಿ ಎಡವುತ್ತಾರೆ. ಬೋರ್ ನೀರು ತಂಪಾಗಿದೆ, ತಿಳಿಯಾಗಿದೆ, ಸರಿ. ಆದರೆ ಭೂಮಿಯೊಳಗಿಂದ ಬಂದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ಪೈಪನ್ನು ನೇರ ನೀರಿನೊಳಗೆ ಮುಳುಗಿಸಿ ಬಿಟ್ಟರೆ ಮೀನಿಗೆ ಉಪಕಾರವೇನೂ ಇಲ್ಲ. ಅದನ್ನೂ ಎತ್ತರದಿಂದ ಚೆಲ್ಲಿಸಬೇಕು.

ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದರೆ ಆಮ್ಲಜನಕ ಬರುತ್ತದೆ ಅಂತ ಅಂಗಡಿಯವರು ಹೇಳಬಹುದು. ಮೀನಿಗೆ ಸಾಕಾಗುವಷ್ಟು ಬರುವುದಿಲ್ಲ. ಅಳತೆ ತಪ್ಪಿದರೆ ಪಾಚಿ ಸತ್ತು, ಕೊಳೆತು, ಉಳಿದ ಆಮ್ಲಜನಕವೂ ಹೋಗುತ್ತದೆ.

ಇದು ವಾರದಲ್ಲಿ ಎರಡು ಮೂರು ಬೆಳಿಗ್ಗೆ ಆಗುತ್ತಿದ್ದರೆ ಮೀನು ಜಾಸ್ತಿ ಆಗಿದೆ, ಇಲ್ಲವೇ ನೀರು ಕಡಿಮೆ ಆಗಿದೆ. 21 ಮೀಟರ್ ಉದ್ದ, 21 ಅಗಲ, 3 ಆಳದ ಹೊಂಡ ತಗೊಳ್ಳಿ. ದಡದ ಇಳಿಜಾರು ಒಂದಕ್ಕೆ ಒಂದು ಇದ್ದರೆ ತುಂಬಿದಾಗ ಸುಮಾರು 980 ಘನ ಮೀಟರ್ ನೀರು. ಮಟ್ಟ ಒಂದೂವರೆ ಮೀಟರಿಗೆ ಇಳಿದರೆ ಅರ್ಧ ಉಳಿದಿದೆ ಅಂದುಕೊಳ್ಳುತ್ತೇವೆ, ಆದರೆ ತಳ ಕಿರಿದಾಗಿರುವುದರಿಂದ ಉಳಿಯುವುದು 410 ಮಾತ್ರ. ಮೀನು ಅಷ್ಟೇ ಇವೆ, ದೊಡ್ಡದೂ ಆಗಿವೆ. ಹೆಕ್ಟೇರಿಗೆ 5,000 ಮರಿ ಅನ್ನುವ ಸಾಮಾನ್ಯ ಲೆಕ್ಕದಲ್ಲಿ ಈ ಹೊಂಡಕ್ಕೆ ಬೀಳುವುದು ಇನ್ನೂರಿಪ್ಪತ್ತು ಮರಿ. ಜನ ಸಾವಿರ ಬಿಡುತ್ತಾರೆ! ದೊಡ್ಡ ಮೀನನ್ನು ಹಿಡಿದು ಮಾರಿಬಿಡುವುದೇ ಇದಕ್ಕೆ ಅಗ್ಗದ ಮದ್ದು. ಬೆಳೆಗೂ ನೀರು ಬೇಕು ಅನ್ನುವ ಕಾಲ ಬಂದಾಗ ಮೀನು ತೂಕ ಬರಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ನೀರಿನ ಬಣ್ಣ ಬದಲಾಗಿದೆ

ಕಾಸು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಬಿಳಿ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಕೋಲಿನ ತುದಿಗೆ ಮೊಳೆ ಹೊಡೆದು ಕೂರಿಸಿ, ಕೋಲಿಗೆ ಅಳತೆ ಗುರುತು ಮಾಡಿ, ಮಧ್ಯಾಹ್ನದ ಬೆಳಕಿನಲ್ಲಿ ನಿಧಾನ ಮುಳುಗಿಸಿ. ಮುಚ್ಚಳ 30ರಿಂದ 40 ಸೆಂಟಿಮೀಟರ್ ಆಳದಲ್ಲಿ ಮಾಯವಾದರೆ ಹಸಿರು ಹದವಾಗಿದೆ. 20ಕ್ಕಿಂತ ಮೇಲೆಯೇ ಮಾಯವಾದರೆ ಪಾಚಿ ಅತಿಯಾಗಿದೆ: ಗೊಬ್ಬರ ನಿಲ್ಲಿಸಿ, ಮೇವು ಕಡಿಮೆ ಮಾಡಿ, ಕಾಲು ಭಾಗ ನೀರನ್ನು ತೋಟಕ್ಕೆ ಬಿಟ್ಟು ಹೊಸ ನೀರು ತುಂಬಿ. ತೋಟಕ್ಕೂ ಒಳ್ಳೆಯದೇ. ಅರವತ್ತರವರೆಗೂ ಕಾಣುತ್ತಿದ್ದರೆ ನೀರಿನಲ್ಲಿ ಮೀನಿಗೆ ತಿನ್ನಲು ಏನೂ ಇಲ್ಲ.

ದಟ್ಟ ಹಸಿರಿದ್ದ ನೀರು ಒಂದೇ ದಿನದಲ್ಲಿ ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿ ಕೆಟ್ಟ ವಾಸನೆ ಬಂದರೆ ಎಚ್ಚರ. ಪಾಚಿ ಒಟ್ಟಿಗೆ ಸತ್ತಿದೆ. ಅವತ್ತು ರಾತ್ರಿಯೇ ಮೀನು ಸಾಯಬಹುದು, ಬೆಳಿಗ್ಗೆಯವರೆಗೂ ಕಾಯದೆ ಸಂಜೆಯಿಂದಲೇ ಮೋಟರ್ ಓಡಿಸಿ. ರಾತ್ರಿ ಕರೆಂಟ್ ಇರುವುದಿಲ್ಲ ಅಂದರೆ ಡೀಸೆಲ್ ಪಂಪ್ ಬಾಡಿಗೆಗೆ ತಂದಿಟ್ಟುಕೊಳ್ಳಿ.

ಗಾಳಿ ನೂಕುವ ಮೂಲೆಯಲ್ಲಿ ದಪ್ಪ ಹಸಿರು ಪೊರೆ ಕಟ್ಟಿದ್ದರೆ ಅದು ನೀಲಿ-ಹಸಿರು ಪಾಚಿ. ಕೆಲವು ಬಗೆ ವಿಷ ಬಿಡುತ್ತವೆ. ದನ ಕುರಿ ಆ ನೀರು ಕುಡಿಯದ ಹಾಗೆ ನೋಡಿಕೊಳ್ಳಿ. ಪೊರೆಯನ್ನು ಸೀರೆ ಬಟ್ಟೆಯಲ್ಲಿ ಬಳಿದು ತೆಗೆಯಬಹುದು. ಇಂಥ ನೀರಿನ ಮೀನಿಗೆ ಮಣ್ಣಿನ ವಾಸನೆ ಬರುತ್ತದೆ, ಗಿರಾಕಿ ಎರಡನೇ ಸಲ ಬರುವುದಿಲ್ಲ. ಮಾರುವ ಮುಂಚೆ ಕೆಲವು ದಿನ ಶುದ್ಧ ನೀರಿನಲ್ಲಿ ಇಟ್ಟರೆ ವಾಸನೆ ಕಡಿಮೆಯಾಗುತ್ತದೆ.

ಮಳೆ ಬಿದ್ದು ಕೆಂಪಾಗಿದ್ದರೆ ಗಾಜಿನ ಲೋಟದಲ್ಲಿ ನೀರು ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ಮಣ್ಣು ತಳಕ್ಕೆ ಕೂತಿದ್ದರೆ ಹೊಂಡದಲ್ಲೂ ಕೂರುತ್ತದೆ, ಸುಮ್ನೆ ಇರಿ. ಕೂತಿಲ್ಲ ಅಂದರೆ ಜೇಡಿ. ನೀರು ಒಳಬರುವ ಕಡೆ ಹೂಳು ಗುಂಡಿ ಮಾಡದೆ ಅದು ಸರಿಹೋಗುವುದಿಲ್ಲ.

ಹಗಲಲ್ಲೇ, ದೊಡ್ಡದು ಚಿಕ್ಕದು ಎನ್ನದೆ ಎಲ್ಲಾ ಸತ್ತಿವೆ

ಆಮ್ಲಜನಕ ಸಾಲದೆ ಸಾಯುವಾಗ ದೊಡ್ಡ ಮೀನು ಮೊದಲು ಹೋಗುತ್ತವೆ, ಸಣ್ಣವು ಉಳಿಯುತ್ತವೆ. ಮೇಲಿನ ಗಾಳಿ ಕುಡಿಯಬಲ್ಲ ಕೊರವ, ಮುರುಗೋಡು ಜಾತಿಗೆ ಏನೂ ಆಗಿರುವುದಿಲ್ಲ. ಇಲ್ಲಿ ಹಾಗಲ್ಲ. ಬಿಸಿಲಿದ್ದಾಗಲೇ ಮೀನು ಸುತ್ತು ಹೊಡೆಯುತ್ತದೆ, ದಿಕ್ಕುತಪ್ಪಿ ದಡಕ್ಕೆ ಬಡಿದುಕೊಳ್ಳುತ್ತದೆ, ಜೊತೆಗೆ ಕಪ್ಪೆಮರಿ, ನೀರುಹುಳಗಳೂ ಸತ್ತಿರುತ್ತವೆ. ಇದು ವಿಷ.

ಯಾರನ್ನೋ ಅನುಮಾನಿಸುವ ಮುಂಚೆ ಸುತ್ತಲ ಹೊಲ ನೋಡಿ. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹ್ಯಾಲೋಥ್ರಿನ್ ಥರದ ಕೀಟನಾಶಕಗಳು ಮೀನಿಗೆ ವಿಪರೀತ ವಿಷ, ಎಷ್ಟು ಅಂದರೆ ಸ್ಪ್ರೇಯರ್ ಕ್ಯಾನನ್ನು ಹೊಂಡದ ದಡದಲ್ಲಿ ತೊಳೆದರೂ ಸಾಕು. ತೊಗರಿಗೋ ಟೊಮೆಟೊಗೋ ಹೊಡೆದ ಮಾರನೇ ದಿನ ಮಳೆ ಬಂದು ಆ ನೀರು ಹರಿದು ಬಂತಾ? ಮಲೆನಾಡಿನ ಕಡೆಯವರಾದರೆ ಅಡಿಕೆಗೆ ಬೋರ್ಡೋ ಹೊಡೆದ ಡ್ರಮ್ ಎಲ್ಲಿ ತೊಳೆದರು ಅಂತ ಕೇಳಿ, ಬೋರ್ಡೋದಲ್ಲಿರುವ ಮೈಲುತುತ್ತವೂ ಮೀನಿಗೆ ಆಗುವುದಿಲ್ಲ. ಎಷ್ಟೋ ಸಲ ತೊಳೆದದ್ದು ನಮ್ಮ ಮನೆಯವರೇ ಆಗಿರುತ್ತಾರೆ.

ಇಲ್ಲಿ ನಿಮ್ಮ ಕೈಯಲ್ಲಿ ಆಗುವುದು ಕಡಿಮೆ. ಒಳಬರುವ ನೀರು ಕಟ್ಟಿ, ಸಾಧ್ಯವಾದರೆ ಹೊಸ ನೀರು ಬಿಡಿ. ಮುಂದೆ ಪರೀಕ್ಷೆ ಆಗಲಿ ಅಂತ ಒಂದು ಬಾಟಲಿ ನೀರು ಮೊದಲೇ ತೆಗೆದಿಡಿ. ಆ ಮೀನು ತಿನ್ನಬೇಡಿ, ಮಾರಬೇಡಿ, ನಾಯಿ ಕೋಳಿಗೂ ಹಾಕಬೇಡಿ. ಕೈಗವಸು ಹಾಕಿ ತೆಗೆದು, ಹೊಂಡದಿಂದಲೂ ಬಾವಿಯಿಂದಲೂ ದೂರ ಆಳ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಆ ನೀರನ್ನು ದನಕ್ಕೂ ಕುಡಿಸಬೇಡಿ.

ಮೇವು ಹಾಕಿದರೆ ಬರುತ್ತಿಲ್ಲ

ಮೊದಲು ಮೇವನ್ನೇ ಮೂಸಿ ನೋಡಿ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ, ಕಮಟಾದ ತೌಡು ಹಾಕಿದರೆ ಮೀನು ಬರುವುದಿಲ್ಲ. ಮೇವು ಚೆನ್ನಾಗಿದ್ದರೆ ಎರಚುವುದು ಬಿಟ್ಟು ತೂತಿರುವ ಚೀಲದಲ್ಲಿ ಕಟ್ಟಿ ಇಳಿಬಿಡಿ. ಎರಡು ಗಂಟೆ ಬಿಟ್ಟು ಎತ್ತಿ ನೋಡಿದಾಗ ಉಳಿದಿದ್ದರೆ ಅಷ್ಟು ಕಡಿಮೆ ಮಾಡಿ. ಚಳಿಗಾಲದಲ್ಲಿ ಮೀನು ಹೇಗೂ ಕಡಿಮೆ ತಿನ್ನುತ್ತವೆ.

ತಿನ್ನದೆ ಉಳಿದ ಮೇವು ಪ್ಲಾಸ್ಟಿಕ್ ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಅಮೋನಿಯಾ ಮತ್ತು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ನೋಡುವ ಕಿಟ್ ಸಿಗುತ್ತವೆ, ತಂದಿಟ್ಟುಕೊಳ್ಳಿ. ಪಿಎಚ್ ಆರೂವರೆಯಿಂದ ಎಂಟೂವರೆ ಒಳಗಿದ್ದರೆ ಚಿಂತೆಯಿಲ್ಲ. ದಟ್ಟ ಹಸಿರು ನೀರಿನಲ್ಲಿ ಸಂಜೆ ಹೊತ್ತು ಪಿಎಚ್ ಒಂಬತ್ತು ದಾಟುವುದುಂಟು, ಪಿಎಚ್ ಏರಿದಷ್ಟೂ ಅದೇ ಅಮೋನಿಯಾದ ವಿಷ ಏರುತ್ತದೆ. ಅಂಥ ನೀರಿಗೆ "ಯಾವುದಕ್ಕೂ ಇರಲಿ" ಅಂತ ಸುಣ್ಣ ಹಾಕುವುದು ಮೀನು ಕೊಂದ ಹಾಗೆಯೇ, ಸುಣ್ಣ ಪಿಎಚ್ ಇನ್ನೂ ಏರಿಸುತ್ತದೆ. ಪಿಎಚ್ ನೋಡದೆ ಸುಣ್ಣದ ಚೀಲ ಬಿಚ್ಚಲೇಬೇಡಿ. ಮೇವು ನಿಲ್ಲಿಸಿ, ತಳದ ನೀರನ್ನು ಪೈಪಿನಿಂದ ತೋಟಕ್ಕೆ ಎಳೆದು ಹೊಸ ನೀರು ಬಿಡಿ.

ಈಗಷ್ಟೇ ಸತ್ತ ಮೀನಿನ ಕಿವಿರು ಎತ್ತಿ ನೋಡುವ ಅಭ್ಯಾಸವನ್ನೂ ಮಾಡಿಕೊಳ್ಳಿ. ಚೆನ್ನಾಗಿರುವ ಕಿವಿರು ಕೆಂಪಗಿರುತ್ತದೆ. ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರಿನಲ್ಲಿ ನೈಟ್ರೈಟ್ (ಅಮೋನಿಯಾದಿಂದ ಆಗುವ ಇನ್ನೊಂದು ವಿಷ) ಜಾಸ್ತಿಯಾಗಿದೆ. ಹೊಟ್ಟೆ ಉಬ್ಬಿ ತೇಲುತ್ತಿರುವ ಮೀನಿನ ಕಿವಿರು ನೋಡಿ ಏನೂ ತಿಳಿಯುವುದಿಲ್ಲ. ಸತ್ತ ಮೀನು ಮೊದಲು ಮುಳುಗಿ, ಉಬ್ಬಿದ ಮೇಲೆ ತೇಲುವುದು. ಅಂದರೆ ಇವತ್ತು ಕಂಡದ್ದು ಇವತ್ತು ಸತ್ತದ್ದಲ್ಲ.

ದಡಕ್ಕೆ ಮೈ ಉಜ್ಜುತ್ತಿವೆ, ಎಗರುತ್ತಿವೆ

ಒಂದು ಮೀನು ಹಿಡಿದು ಒದ್ದೆ ಕೈಯಲ್ಲಿ ಹೊರಳಿಸಿ ನೋಡಿ. ಈಜುರೆಕ್ಕೆಯ ಬುಡದಲ್ಲಿ ಉದ್ದಿನಬೇಳೆಯ ಸಿಪ್ಪೆ ಅಂಟಿದ ಹಾಗೆ ಚಪ್ಪಟೆಯಾದದ್ದು ಕಂಡು, ಉಗುರು ತಾಗಿಸಿದರೆ ಅದು ಸರಸರ ಓಡಿದರೆ ಮೀನುಹೇನು. ದಾರದ ಥರ ಜೋತುಬಿದ್ದು ಬುಡ ಕೆಂಪಾಗಿದ್ದರೆ ಲಂಗರು ಹುಳು.

ಮೀನುಹೇನು ಮೊಟ್ಟೆ ಇಡುವುದು ಗಟ್ಟಿಯಾದ ಮೇಲ್ಮೈಗೆ. ಇದನ್ನೇ ನಮ್ಮ ಕೆಲಸಕ್ಕೆ ಬಳಸಿಕೊಳ್ಳಬಹುದು. ನಾಲ್ಕಾರು ಬಿದಿರಿನ ಗಳಗಳನ್ನು ಅಲ್ಲಲ್ಲಿ ನೀರಿಗೆ ಇಳಿಬಿಟ್ಟು (ಚೂಪು ತುದಿ ಹೊದಿಕೆ ಹರಿಯದ ಹಾಗೆ ಬಟ್ಟೆ ಸುತ್ತಿ), ವಾರಕ್ಕೊಮ್ಮೆ ತೆಗೆದು ಒಂದಿಡೀ ದಿನ ಬಿಸಿಲಿಗೆ ಒಣಗಿಸಿ ಮತ್ತೆ ಬಿಡಿ. ಮೊಟ್ಟೆ ಅಲ್ಲೇ ಒಣಗುತ್ತದೆ. ಒಂದೇ ವಾರಕ್ಕೆ ಫಲ ಕಾಣುವುದಿಲ್ಲ, ಬಿಡದೆ ಮಾಡಬೇಕು. ಹೇನಿಗೆ ಹೊಡೆಯುವ ಔಷಧಿಗಳು ಮೇಲೆ ಹೇಳಿದ ಅದೇ ಕೀಟನಾಶಕಗಳ ಜಾತಿ. ಅಳತೆ ಚೂರು ಹೆಚ್ಚಿದರೆ ಹೇನಿನ ಜೊತೆ ಮೀನೂ ಹೋಗುತ್ತದೆ. ಮೀನುಗಾರಿಕೆ ಅಧಿಕಾರಿ ಬರೆದು ಕೊಡದೆ ಹಾಕಬೇಡಿ.

ಮೈಮೇಲೆ ಕೆಂಪು ಹುಣ್ಣು, ಹುರುಪೆ ಎದ್ದಿದೆ

ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಕೆಂಪು ಚುಕ್ಕೆಯಾಗಿ ಶುರುವಾಗಿ ಆಳವಾದ ಹುಣ್ಣಾದರೆ ಅದು ಹುಣ್ಣು ರೋಗ ಇರಬಹುದು. ಶಿಲೀಂಧ್ರದ ಥರದ ಜೀವಿಯಿಂದ ಬರುವ ಈ ರೋಗ ಭಾರತಕ್ಕೆ ಕಾಲಿಟ್ಟದ್ದು 1988ರಲ್ಲಿ. ಕೊರವ ಮೀನಿಗೆ ಬೇಗ ತಗಲುತ್ತದೆ, ಜಿಲೇಬಿ ಮೀನಿಗೆ (ತಿಲಾಪಿಯಾ) ತೀರಾ ಅಪರೂಪ. ಹುಣ್ಣಾದ ಮೀನು ತೆಗೆದುಬಿಡಿ. ಪಿಎಚ್ ಕಡಿಮೆ ಇದ್ದರೆ ಮಾತ್ರ ಸುಣ್ಣ: ಹೆಕ್ಟೇರಿಗೆ 200 ಕಿಲೋ ಲೆಕ್ಕದಲ್ಲಿ 21 ಮೀಟರ್ ಹೊಂಡಕ್ಕೆ ಸುಮಾರು 9 ಕಿಲೋ. ಸುಟ್ಟ ಸುಣ್ಣವನ್ನು ನೇರ ಎಸೆಯಬೇಡಿ. ಡ್ರಮ್ಮಿನಲ್ಲಿ ಅರಳಿಸಿ, ತಣ್ಣಗಾದ ಮೇಲೆ ತಿಳಿ ಮಾಡಿ ಎರಚಿ. ಕಣ್ಣಿಗೆ ಕನ್ನಡಕ ಇರಲಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಭುವನೇಶ್ವರದಲ್ಲಿರುವ ಕೇಂದ್ರ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ಸೀಫಾದವರು ಈ ರೋಗಕ್ಕೆಂದೇ ಸೀಫಾಕ್ಸ್ ಅನ್ನುವ ಔಷಧಿ ಮಾಡಿದ್ದಾರೆ. ಹೆಕ್ಟೇರ್ ಅಗಲ, ಒಂದು ಮೀಟರ್ ಆಳದ ನೀರಿಗೆ ಒಂದು ಲೀಟರ್. ಮೇಲೆ ಲೆಕ್ಕ ಹಾಕಿದ ಹೊಂಡದಲ್ಲಿ ಉಳಿದ 410 ಘನ ಮೀಟರ್ ನೀರಿಗೆ ಬೀಳುವುದು 41 ಮಿಲಿ! ಕಣ್ಣಳತೆಯಲ್ಲಿ ಸುರಿಯುವ ವಸ್ತು ಅಲ್ಲ, ಅಲ್ವಾ?

ಹೊಟ್ಟೆ ಊದಿ ಹುರುಪೆ ಎದ್ದು ನಿಂತಿದ್ದರೆ ಅದು ಬೇರೆ, ಬ್ಯಾಕ್ಟೀರಿಯಾದ ಕೆಲಸ. ಮನೆಯಲ್ಲಿ ಉಳಿದ ಕೋಳಿ ಔಷಧಿ, ದನದ ಆ್ಯಂಟಿಬಯೋಟಿಕ್ ಮೇವಿಗೆ ಬೆರೆಸಬೇಡಿ. ಇಲ್ಲಿಗೆ ನಿಲ್ಲಿಸಿ, ಕಚೇರಿಗೆ ಹೋಗಿ.

ಸತ್ತ ಮೀನೂ ಇಲ್ಲ, ಬದುಕಿದ ಮೀನೂ ಇಲ್ಲ

ಮರಿ ಬಿಟ್ಟ ದಿನವನ್ನು ನೆನಪು ಮಾಡಿಕೊಳ್ಳಿ. ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನಲ್ಲಿ ತೇಲಿಬಿಡದೆ ಮಧ್ಯಾಹ್ನದ ಬಿಸಿಲಲ್ಲಿ ಸುರಿದಿದ್ದರೆ ಮರಿ ಅವತ್ತೇ ಸತ್ತು ತಳ ಸೇರಿರಬಹುದು, ಸಣ್ಣ ಮರಿ ತೇಲುವುದೂ ಕಾಣುವುದಿಲ್ಲ. ಮಳೆಗಾಲದಲ್ಲಿ ಕೋಡಿ ಹರಿದಿದ್ದರೆ ಅಲ್ಲಿ ಜಾಲರಿ ಇತ್ತಾ? ಹರಿವ ನೀರಿಗೆ ಎದುರು ಈಜುವುದು ಗೆಂಡೆಯ ಗುಣ, ಒಳಬರುವ ಕಾಲುವೆಗೂ ಜಾಲರಿ ಬೇಕು. ಆಮೇಲೆ ನೀರುಕಾಗೆ. ಗುಂಪು ಬಿದ್ದರೆ ಮರಿ ಹೊಂಡ ಖಾಲಿ. ಹೊಂಡದ ಮೇಲೆ ಅಡ್ಡಡ್ಡ ನೈಲಾನ್ ದಾರ ಎಳೆಯಿರಿ. ವಿಷ ಇಡುವುದು, ಹೊಡೆಯುವುದು ಬೇಡ, ವನ್ಯಜೀವಿ ಕಾನೂನು ಅಡ್ಡ ಬರುತ್ತದೆ. ಹೊಳೆ ಹತ್ತಿರದವರಿಗೆ ನೀರುನಾಯಿ ಬಂದರೂ ಬೇಲಿಯೇ ದಾರಿ.

ಮೀನು ಬೆಳೆಯುತ್ತಲೇ ಇಲ್ಲ

ತಲೆ ದೊಡ್ಡದು, ಮೈ ಸಪೂರ ಇದ್ದರೆ ಹೊಟ್ಟೆಗೆ ಸಾಲುತ್ತಿಲ್ಲ. ಜಿಲೇಬಿ ಸೇರಿಕೊಂಡಿದ್ದರೆ ಅದು ಹೊಂಡದಲ್ಲೇ ಮರಿ ಹಾಕಿ ಮೇವೆಲ್ಲ ತಿನ್ನುತ್ತದೆ. ಬೀಸುಬಲೆಯಲ್ಲಿ ಹಿಡಿದು ತೆಗೆಯುತ್ತಿರಿ. ತಿಂಗಳಿಗೊಮ್ಮೆ ಹತ್ತು ಮೀನು ತೂಗಿ ಬರೆದಿಟ್ಟರೆ ಮೇವಿನ ಲೆಕ್ಕವೂ ಸಿಗುತ್ತದೆ: ಮರಿಯಲ್ಲಿ ಒಟ್ಟು ತೂಕದ ನೂರಕ್ಕೆ ಮೂರರಿಂದ ಐದು, ದೊಡ್ಡದಾದ ಮೇಲೆ ಒಂದರಿಂದ ಎರಡು.

ಕಚೇರಿಗೆ ಹೋಗುವುದಾದರೆ

ನೀರು ಆಡಿಸಿದ ಮೇಲೂ ಮೂರನೇ ದಿನ ಸಾವು ನಿಲ್ಲದಿದ್ದರೆ, ಹುಣ್ಣು ಹರಡುತ್ತಿದ್ದರೆ, ವಿಷದ ಅನುಮಾನ ಇದ್ದರೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಬೆಂಗಳೂರಿನ ಹತ್ತಿರದವರಿಗೆ ಹೆಬ್ಬಾಳದಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರ ಇದೆ, ಕರಾವಳಿಯವರಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜು.

ಕೊಳೆತ ಮೀನು ಒಯ್ದರೆ ಅವರೂ ಏನೂ ಹೇಳಲಾರರು. ಸಾಯುವ ಹಾಗಿರುವ, ಇನ್ನೂ ಉಸಿರಿರುವ ಎರಡು ಮೂರು ಮೀನನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಒಯ್ಯಿರಿ. ಆಗದಿದ್ದರೆ ಆಗತಾನೇ ಸತ್ತದ್ದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಐಸ್ ನಡುವೆ ಇಡಿ, ಫ್ರೀಜರಿಗೆ ಹಾಕಬೇಡಿ. ಲೀಟರ್ ಬಾಟಲಿಯಲ್ಲಿ ನೀರನ್ನು ಗಾಳಿ ಉಳಿಯದ ಹಾಗೆ ಕಂಠದವರೆಗೆ ತುಂಬಿ. ಸಾವು ಶುರುವಾದ ದಿನ, ಹೊತ್ತು, ದಿನಕ್ಕೆ ಎಷ್ಟು, ಯಾವ ಜಾತಿ, ಕೊನೆಯ ಸಲ ನೀರಿಗೆ ಏನು ಹಾಕಿದಿರಿ, ಅಕ್ಕಪಕ್ಕ ಏನು ಸಿಂಪಡಿಸಿದರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯಿಂದ ಏನಾದರೂ ತಂದು ಹಾಕಿದ್ದರೆ ಅದರ ಖಾಲಿ ಡಬ್ಬವನ್ನೂ ಜೊತೆಗೆ ಒಯ್ಯಿರಿ.